ಬಿಚ್ಚಪ್ಪನವರು ಕಂಪ್ಯೂಟರಿನೊಳಗೆ ಸ್ಕ್ಯಾನರ್ ಕೂರಿಸಿದ್ದು

ಬಿಚ್ಚಪ್ಪ ಎನ್ನುವುದು ಅವರಿಗೆ ಹೆತ್ತವರು ಇಟ್ಟ ಹೆಸರಲ್ಲ. ಯಾವ ಹೆತ್ತವರಿಗೂ ಮಗುವಿನ ಮೇಲೆ ಅಷ್ಟು ಸಿಟ್ಟಿರುವುದಿಲ್ಲ. ಅದನ್ನಿಟ್ಟವನು ಅವರ ಹೆಂಡತಿಯ ತಮ್ಮ. ಅವನು ಹೊಸದಾಗಿ ಕೊಂಡಿದ್ದ ರೇಡಿಯೋವನ್ನು "ಸ್ವಲ್ಪ ಧೂಳು ಒರೆಸಿ ಕೊಡ್ತೀನಿ" ಎಂದು ಇಸಿದುಕೊಂಡು ಹೋದ ಭಾವ, ವಾರದ ಮೇಲೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುರಿದು ಹಿಂದಕ್ಕೆ ಕೊಟ್ಟರು. "ಒಂದೂ ಕಳೆದಿಲ್ಲ, ಎಲ್ಲಾ ಇದೆ" ಎಂದು ಪ್ರಾಮಾಣಿಕವಾಗಿ ಹೇಳಿದರು. ಅವತ್ತಿನಿಂದ ಬಿಚ್ಚಪ್ಪ ಎಂಬ ಹೆಸರು ಅಂಟಿತು. ಅವರು ಜೀವಮಾನದಲ್ಲಿ ಅಂಟಿಸಿದ ಯಾವ ವಸ್ತುವೂ ಅಷ್ಟು ಗಟ್ಟಿಯಾಗಿ ನಿಂತಿರಲಿಲ್ಲ.

ಕಚೇರಿಯಲ್ಲಿ ಅವರು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರು. ಅಂಗಡಿಗಳಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಸೀಲು ಹಾಕುವುದು, ಸರಿಯಿಲ್ಲದಿದ್ದರೆ ದಂಡ ಹಾಕುವುದು. ಸಾಸಿವೆ ಕಾಳಿನಷ್ಟು ಹೆಚ್ಚುಕಡಿಮೆಯಾದರೂ ಅವರ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ನೌಕರಿಯಲ್ಲಿ ಒಂದು ಕ್ರೂರ ನಿಯಮವಿತ್ತು: ಇನ್ಸ್‌ಪೆಕ್ಟರು ಯಂತ್ರವನ್ನು ಹೊರಗಿನಿಂದ ನೋಡಬಹುದೇ ಹೊರತು ಬಿಚ್ಚುವಂತಿಲ್ಲ. ದಿನವಿಡೀ ಮುಚ್ಚಳಗಳನ್ನೇ ನೋಡಿ ನೋಡಿ ಹಸಿದ ಮನುಷ್ಯ ಸಂಜೆ ಮನೆಗೆ ಬಂದರೆ, ಅಲ್ಲಿ ಬಿಚ್ಚಬೇಡಿ ಎನ್ನುವ ಕಾನೂನು ಇರಲಿಲ್ಲ. ಹೆಂಡತಿ ಹೇಳುತ್ತಿದ್ದರು ನಿಜ. ಆದರೆ ಹೆಂಡತಿ ಹೇಳಿದ್ದು ಕಾನೂನಾಗುವುದಿಲ್ಲವಲ್ಲ.

ಹೀಗಾಗಿ ಆ ಮನೆಯ ವಸ್ತುಗಳಿಗೆಲ್ಲ ಅವುಗಳದೇ ಆದ ಸ್ವಭಾವವಿತ್ತು. ಬಾಗಿಲ ಗಂಟೆ ಒತ್ತಿದರೆ ಅಡಿಗೆಮನೆಯ ದೀಪ ಹತ್ತುತ್ತಿತ್ತು. "ಕಿವುಡರಿಗೂ ಗೊತ್ತಾಗಬೇಕಲ್ಲ" ಎಂದು ಬಿಚ್ಚಪ್ಪನವರು ವಿವರಿಸಿದ್ದರು. ಇಸ್ತ್ರಿಪೆಟ್ಟಿಗೆ ಕಾಯುತ್ತಿತ್ತು, ಆದರೆ ಹಿಡಿಯ ಕಡೆ. ಗೋಡೆ ಗಡಿಯಾರ ಎರಡು ಗಂಟೆಗೆ ಬಂದು ನಿಂತು, ಯಾರಾದರೂ ಬಾಗಿಲು ದಬ್ಬನೆ ಹಾಕಿದರೆ ಮುಂದಕ್ಕೆ ಹೋಗುತ್ತಿತ್ತು. ಪ್ರತಿ ರಿಪೇರಿಯಾದ ಮೇಲೂ ಒಂದಿಷ್ಟು ಸ್ಕ್ರೂ ಉಳಿಯುತ್ತಿದ್ದವು. "ಕಂಪನಿಯವರು ಭಯಕ್ಕೆ ನಾಲ್ಕು ಜಾಸ್ತಿ ಹಾಕಿರ್ತಾರೆ" ಎನ್ನುವುದು ಅವರ ಸಿದ್ಧಾಂತ.

ಇಂಥ ಮನೆಗೆ ಅತ್ತೆ ಬಂದು ಸೇರಿಕೊಂಡರು. ಮಾವ ತೀರಿಕೊಂಡ ಮೇಲೆ ಮಗನ ಮನೆ ಚಿಕ್ಕದೆಂದು ಮಗಳ ಮನೆಗೆ ಬಂದ ಆಕೆಯ ಜೊತೆ ಬಂದದ್ದು ಒಂದು ಟ್ರಂಕು, ಒಂದು ಹರಿತವಾದ ನಾಲಿಗೆ ಮತ್ತು ಅಟ್ಟದ ತುಂಬ ಚಪ್ಪಲಿ ಪೆಟ್ಟಿಗೆಗಳು. ಪೆಟ್ಟಿಗೆಗಳಲ್ಲಿ ಚಪ್ಪಲಿ ಇರಲಿಲ್ಲ. ಮಾವ ತೆಗೆದ ಫೋಟೋಗಳ ನೆಗೆಟಿವ್ ಇದ್ದವು.

ಮಾವ ನಕ್ಷೆ ಬರೆಯುವ ಕಚೇರಿಯಲ್ಲಿದ್ದವರು. ಅವರಿಗೆ ಫೋಟೋ ತೆಗೆಯುವ ಹುಚ್ಚು ಎಷ್ಟಿತ್ತೋ, ಪ್ರಿಂಟ್ ಹಾಕಿಸುವುದರ ಮೇಲೆ ಅಷ್ಟೇ ದ್ವೇಷವಿತ್ತು. "ಫಿಲ್ಮ್ ತೊಳೆಸೋದು ಅವಶ್ಯಕತೆ, ಪ್ರಿಂಟ್ ಹಾಕಿಸೋದು ಚಟ" ಎನ್ನುತ್ತಿದ್ದರು. ಆದ್ದರಿಂದ ಆ ಮನೆಯ ಮಕ್ಕಳು ತಮ್ಮ ಬಾಲ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದೇ ನೋಡಿದವರು: ಬಿಳಿ ಕೂದಲು, ಕಪ್ಪು ಹಲ್ಲು, ಬೆಳ್ಳಗೆ ಮಿಂಚುವ ಕಣ್ಣುಪಾಪೆ. ಯಾರ ಹುಟ್ಟುಹಬ್ಬದ ಫೋಟೋ ಆದರೂ ದೆವ್ವಗಳು ಸಭೆ ಸೇರಿದಂತೆಯೇ ಕಾಣುತ್ತಿತ್ತು.

ಆ ಮಾವನಿಗೂ ಅಳಿಯನಿಗೂ ಹೇಳಿಕೊಳ್ಳುವಂಥ ಸಲಿಗೆ ಇರಲಿಲ್ಲ. ಅಳಿಯ ಕೋಣೆಗೆ ಕಾಲಿಟ್ಟರೆ ಸಾಕು, ಮಾವ ಮೇಜಿನ ಮೇಲಿದ್ದ ಕ್ಯಾಮೆರಾವನ್ನು ಮೆಲ್ಲಗೆ ತೊಡೆಯ ಮೇಲೆ ಎತ್ತಿಕೊಳ್ಳುತ್ತಿದ್ದರು, ನಾಯಿ ಬಂದಾಗ ಮಗುವನ್ನು ಎತ್ತಿಕೊಳ್ಳುವ ಹಾಗೆ. ಬಿಚ್ಚಪ್ಪನವರಿಗೆ ಇದು ಗೊತ್ತಾಗುತ್ತಿತ್ತು. ಮರೆಯಲಿಲ್ಲ, ಹೇಳಲೂ ಇಲ್ಲ.

ಒಂದು ದಿನ ಬೆಳಗಿನ ತಿಂಡಿಯ ಹೊತ್ತಿಗೆ ಅತ್ತೆ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತ, ಯಾರಿಗೂ ಹೇಳದ ಹಾಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಸಾಯೋದ್ರೊಳಗೆ ಒಂದ್ಸಲ ನನ್ನ ಕೂದಲು ಕಪ್ಪಗಿದ್ದಿದ್ದನ್ನ ನೋಡ್ಬೇಕು. ಆಗ ಫೋಟೋದಲ್ಲಿ ನೋಡಿದ್ರೆ ಬಿಳಿ. ಈಗ ಕನ್ನಡೀಲಿ ನೋಡಿದ್ರೂ ಬಿಳಿ. ಮಧ್ಯದಲ್ಲಿ ಕಪ್ಪಗಿತ್ತು ಅಂತ ನಾನೇ ಹೇಳ್ಕೋಬೇಕು."

ಭಾವಮೈದ ಅಂದು ಅಲ್ಲೇ ಇದ್ದ. "ಅದಕ್ಕೇನಮ್ಮ, ಸ್ಟುಡಿಯೋಗೆ ಕೊಟ್ರಾಯ್ತು, ಎಲ್ಲಾ ಕಂಪ್ಯೂಟರಿಗೆ ಹಾಕಿ ಕೊಡ್ತಾರೆ" ಎಂದ.

ಬಿಚ್ಚಪ್ಪನವರು ಚಹಾದ ಲೋಟ ಕೆಳಗಿಟ್ಟರು. ಮನೆಯಲ್ಲಿ ತಾವೊಬ್ಬರು ಜೀವಂತ ಇರುವಾಗ ಯಂತ್ರದ ಕೆಲಸಕ್ಕೆ ಹೊರಗಿನವರ ಹೆಸರು ಎತ್ತುವುದೆಂದರೆ! "ಸ್ಟುಡಿಯೋ ಯಾಕೆ? ಕಂಪ್ಯೂಟರ್ ಮನೇಲೇ ಇದೆ. ಒಂದು ಸ್ಕ್ಯಾನರ್ ಕೂರಿಸಿದ್ರೆ ಮುಗೀತು" ಎಂದರು.

ಅವರ ಹೆಂಡತಿ ತಟ್ಟೆಯಿಂದ ತಲೆ ಎತ್ತಿದರು. ಆ ಕಂಪ್ಯೂಟರು ಅವರದು. ಬೇರೆಯವರ ಬರಹಗಳನ್ನು ಟೈಪ್ ಮಾಡಿಕೊಡುವುದು ಅವರ ಉದ್ಯೋಗ; ಮೊದಲು ಟೈಪ್‌ರೈಟರಿನಲ್ಲಿ, ಈಗ ಕಂಪ್ಯೂಟರಿನಲ್ಲಿ. ಆಗ ಅವರ ಕೈಯಲ್ಲಿ ಎರೆಹುಳುವಿನ ಜೀರ್ಣಾಂಗದ ಮೇಲೆ ಒಬ್ಬ ಸಂಶೋಧಕಿ ಬರೆದ ದಪ್ಪನೆಯ ಪ್ರಬಂಧವಿತ್ತು. "ಎಲ್ಲಿ ಕೂರಿಸ್ತೀರಿ?" ಎಂದು ಕೇಳಿದರು. ದನಿಯಲ್ಲಿ ಅನುಭವವಿತ್ತು.

ಅಂದೇ ಸಂಜೆ ಬಿಚ್ಚಪ್ಪನವರು ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯವನು ಎರಡು ಥರದ ಫಿಲ್ಮ್ ಸ್ಕ್ಯಾನರ್ ತೋರಿಸಿದ. ಒಂದು ಹೊರಗೆ ಮೇಜಿನ ಮೇಲೆ ಇಟ್ಟುಕೊಳ್ಳುವಂಥದ್ದು. ತಂತಿ ಚುಚ್ಚಿದರೆ ಕೆಲಸ ಶುರು. ಇನ್ನೊಂದು ಇಟ್ಟಿಗೆಯಂಥದ್ದು, ಕಂಪ್ಯೂಟರಿನ ಹೊಟ್ಟೆಯೊಳಗೆ, ಸಿ.ಡಿ. ಹಾಕುವ ಡ್ರೈವಿನ ಕೆಳಗಿನ ಖಾಲಿ ಗೂಡಿನಲ್ಲಿ ಕೂರಿಸುವಂಥದ್ದು.

"ಸಾರ್, ಮನೆಗಾದ್ರೆ ಹೊರಗಿಂದೇ ತಗೊಳ್ಳಿ. ಒಳಗಿಂದು ಕೂರಿಸೋಕೆ ಕ್ಯಾಬಿನೆಟ್ ಬಿಚ್ಬೇಕು, ಒಳಗೊಂದು ಕಾರ್ಡ್ ಹಾಕ್ಬೇಕು, ತಲೆನೋವು" ಎಂದ ಅಂಗಡಿಯವನು.

ಪಾಪ, ಅವನಿಗೆ ಗೊತ್ತಿರಲಿಲ್ಲ. ಬೆಕ್ಕಿನ ಮುಂದೆ ಹಾಲಿನ ಪಾತ್ರೆ ಇಟ್ಟು 'ಇದು ಕುಡಿಯೋಕೆ ಕಷ್ಟ' ಎಂದ ಹಾಗಾಯಿತು. ಬಿಚ್ಚಪ್ಪನವರ ಕಣ್ಣು ಹೊಳೆಯಿತು. "ನೋಡಪ್ಪಾ, ಹೊರಗಿರೋದು ಧೂಳಿಗೆ, ಒಳಗಿರೋದು ಬಾಳಿಗೆ" ಎಂದು ಆ ಕ್ಷಣದಲ್ಲಿ ಹುಟ್ಟಿದ ಗಾದೆಯೊಂದನ್ನು ಹೇಳಿ ಇಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು.

ಹೆಂಡತಿ ಪೆಟ್ಟಿಗೆಯನ್ನು ನೋಡಿ ಒಂದೇ ಮಾತು ಹೇಳಿದರು: "ಎರೆಹುಳು ಮುಗಿಯೋವರೆಗೂ ಕಂಪ್ಯೂಟರಿಗೆ ಕೈ ಹಾಕ್ಬೇಡಿ."

"ಹಾಕಲ್ಲ" ಎಂದರು ಬಿಚ್ಚಪ್ಪನವರು.

ಶನಿವಾರ ಬೆಳಿಗ್ಗೆ ಹೆಂಡತಿ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಗೇಟು ಹಾಕಿದ ಸದ್ದು ಕೇಳಿತು. ಬಿಚ್ಚಪ್ಪನವರು ಕೊಟ್ಟ ಮಾತಿಗೆ ತಪ್ಪುವ ಮನುಷ್ಯರಲ್ಲ. ಕೈ ಹಾಕಲಿಲ್ಲ, ಸ್ಕ್ರೂಡ್ರೈವರ್ ಹಾಕಿದರು. ಅವರ ಲೆಕ್ಕವೂ ನ್ಯಾಯವಾಗಿಯೇ ಇತ್ತು. ಡಾಕ್ಟರ ಹತ್ತಿರ ಸಾಲಿನಲ್ಲಿ ಕೂತು ಬರುವಷ್ಟರಲ್ಲಿ ಸ್ಕ್ಯಾನರು ಒಳಗೆ ಕೂತು ಕೆಲಸ ಮಾಡುತ್ತಿರುತ್ತದೆ, ಮುಚ್ಚಳ ಮುಚ್ಚಿರುತ್ತದೆ, ಅವಳು ಬಂದು ಆಶ್ಚರ್ಯಪಡುತ್ತಾಳೆ. ಮೂರರಲ್ಲಿ ಒಂದು ನಿಜವಾಯಿತು: ಆಕೆ ಬಂದರು.

ಕ್ಯಾಬಿನೆಟ್ಟಿನ ಹೊದಿಕೆ ಬಿಚ್ಚುವುದು ಸುಲಭವಾಗಿರಲಿಲ್ಲ. ಹಿಂದಿನ ಸ್ಕ್ರೂಗಳು ಬಂದವು, ಹೊದಿಕೆ ಬರಲಿಲ್ಲ. ಎಳೆದರು, ತಳ್ಳಿದರು, ಪಕ್ಕಕ್ಕೆ ಜಾರಿಸಿದರು. ಕೊನೆಗೆ ಯಂತ್ರವನ್ನು ಮೊಣಕಾಲ ಮಧ್ಯೆ ಹಿಡಿದು ಒಂದು ಏಟು ಕೊಟ್ಟಾಗ ಹೊದಿಕೆ ಕಿತ್ತು ಬಂದು, ಅದರ ತಗಡಿನ ಅಂಚು ಹೆಬ್ಬೆರಳನ್ನು ಸೀಳಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಒಳಗೆ ಇಣುಕಿದರು. ಎಷ್ಟು ಅಚ್ಚುಕಟ್ಟು! ಎಷ್ಟು ಧೂಳು! ಅವರ ಮುಖದ ಮೇಲೆ ಆಗ ಮೂಡಿದ ಸಂತೋಷವನ್ನು ನೋಡಿದ್ದರೆ ಹೆಂಡತಿಗೆ ಹೊಟ್ಟೆಕಿಚ್ಚು ಬರುತ್ತಿತ್ತು. ಆಕೆಯನ್ನು ನೋಡಿದಾಗ ಯಾವತ್ತೂ ಆ ಮುಖ ಹಾಗೆ ಅರಳಿರಲಿಲ್ಲ.

ಅತ್ತೆ ಕುರ್ಚಿ ಎಳೆದುಕೊಂಡು ಬಂದು ಕೂತರು. ಆಕೆಗೆ ಅಳಿಯನ ರಿಪೇರಿ ನೋಡುವುದೆಂದರೆ ಬೇರೆಯವರಿಗೆ ಟೀವಿ ನೋಡಿದ ಹಾಗೆ. ಟೀವಿ ಕೆಟ್ಟಿತ್ತು, ಯಾರಿಂದ ಎಂದು ಹೇಳಬೇಕಾಗಿಲ್ಲ.

"ಅಳಿಯಂದಿರೇ, ಕರೆಂಟು ತೆಗೆದಿದ್ದೀರಾ?"

"ಸ್ವಿಚ್ ಆಫ್ ಇದೆ ಅತ್ತೆ."

"ಗೋಡೆಯಿಂದ?"

"ಅದೆಲ್ಲ ಹೊಸಬರಿಗೆ."

ಮುಂಭಾಗದ ಖಾಲಿ ಗೂಡಿಗೆ ಒಂದು ಪ್ಲಾಸ್ಟಿಕ್ ಮುಚ್ಚಳವಿತ್ತು. ಅದನ್ನು ಚಮಚದಿಂದ ಎಬ್ಬಿಸಿ ತೆಗೆದರು. ಅದರ ಹಿಂದೆ ಒಂದು ತಗಡು. ಅದನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಬಗ್ಗಿಸಿ ಮುರಿದರು. ಸ್ಕ್ಯಾನರನ್ನು ಗೂಡಿಗೆ ತಳ್ಳಿದರು. ಮುಕ್ಕಾಲು ಹೋಗಿ ನಿಂತಿತು. ಮತ್ತೆ ತಳ್ಳಿದರು. ಒಳಗಿದ್ದ ತಂತಿಗಳ ಗಂಟೊಂದು ಅಡ್ಡ ಬಂದಿತ್ತು. ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಉಸಿರು ಬಿಗಿಹಿಡಿದು ತಳ್ಳಿದಾಗ 'ಟಕ್' ಎಂದು ಕೂತಿತು. ಇನ್ನು ಕಾರ್ಡು. ಒಳಗಿನ ಹಸಿರು ಹಲಗೆಯ ಮೇಲಿದ್ದ ಉದ್ದನೆಯ ಸೀಳಿಗೆ ಅದನ್ನು ಇಳಿಸಬೇಕು. ಬಿಚ್ಚಪ್ಪನವರು ಮೇಜಿನ ಮೇಲೆ ಬಾಗಿ ಎರಡೂ ಹೆಬ್ಬೆರಳಿನಿಂದ ಒತ್ತಿದರು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು.

"ಇದು ರಿಪೇರಿನಾ, ಹೆರಿಗೆನಾ?" ಎಂದರು ಅತ್ತೆ.

ಕಾರ್ಡು ಕೊನೆಗೂ ಕೂತಿತು. ಪಟ್ಟಿಯಂಥ ಅಗಲವಾದ ತಂತಿಯಿಂದ ಅದನ್ನೂ ಸ್ಕ್ಯಾನರನ್ನೂ ಜೋಡಿಸಿ, ಕರೆಂಟಿನ ತಂತಿ ಚುಚ್ಚಿ, ಹೊದಿಕೆ ಹಾಕದೆಯೇ ಗುಂಡಿ ಒತ್ತಿದರು. ಫ್ಯಾನು ತಿರುಗಿತು. ಬಿಚ್ಚಪ್ಪನವರು ಅತ್ತೆಯ ಕಡೆ ನೋಡಿ ನಕ್ಕರು. ಯಂತ್ರ 'ಪೀಂ, ಪೀಂ, ಪೀಂ' ಎಂದಿತು. ಪರದೆ ಕಪ್ಪಗೇ ಉಳಿಯಿತು.

ಆರಿಸಿ ಹಾಕಿದರು. ಪೀಂ, ಪೀಂ, ಪೀಂ. ಪಕ್ಕಕ್ಕೆ ತಟ್ಟಿದರು. ಪೀಂ, ಪೀಂ, ಪೀಂ.

"ಏನೋ ಹೇಳ್ತಾ ಇದೆ ಪಾಪ" ಎಂದರು ಅತ್ತೆ. "'ಅಳಿಯ ಮನೆ ತೊಳಿಯ' ಅಂತ ಕೇಳಿಸ್ತಾ ಇದೆ ನನಗೆ."

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಹೆಂಡತಿ ಒಳಗೆ ಬಂದರು. ಡಾಕ್ಟರು ಕಣ್ಣಿಗೆ ಹಾಕಿದ ಔಷಧಿಯಿಂದ ಎಲ್ಲ ಮಬ್ಬಾಗಿ ಕಾಣುತ್ತಿತ್ತಂತೆ. ಆದರೂ ಮೇಜಿನ ಮೇಲೆ ಬಾಯ್ದೆರೆದು ಮಲಗಿದ್ದ ಕಂಪ್ಯೂಟರು, ಬೆರಳಿಗೆ ಸುತ್ತಿದ ಬಟ್ಟೆ, ಕಪ್ಪು ಪರದೆ ಮೂರೂ ಕಂಡವು. ಬಿಚ್ಚಪ್ಪನವರು ಬೈಗುಳಕ್ಕೆ ತಯಾರಾದರು. ಬೈಗುಳ ಅವರಿಗೆ ಅಭ್ಯಾಸವಿತ್ತು. ಮಳೆ ಬಂದರೆ ಛತ್ರಿ ಬಿಚ್ಚಿದ ಹಾಗೆ ಅದಕ್ಕೆ ತಕ್ಕ ಉತ್ತರಗಳನ್ನು ಬಿಚ್ಚಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತಿತ್ತು.

ಹೆಂಡತಿ ಬೈಯಲಿಲ್ಲ. ಚೀಲವನ್ನು ಕೆಳಗಿಟ್ಟರು. ಬೀರುವಿನ ಮೇಲಿಂದ ಹಳೆಯ ಟೈಪ್‌ರೈಟರನ್ನು ಇಳಿಸಿ, ಧೂಳು ಒರೆಸಿ, ಅದೇ ಕೋಣೆಯ ಇನ್ನೊಂದು ಮೇಜಿನ ಮೇಲಿಟ್ಟರು. ಸಂಶೋಧಕಿಯ ಕೈಬರಹದ ಹಾಳೆಗಳನ್ನು ಪಕ್ಕದಲ್ಲಿ ಜೋಡಿಸಿಕೊಂಡು, ಅಕ್ಷರಗಳ ಮೇಲೆ ಭೂತಗನ್ನಡಿ ಇಟ್ಟುಕೊಂಡರು. ಕಾಗದ ಸುತ್ತಿದರು. ಎರೆಹುಳುವಿನ ಬಾಯಿಯಿಂದ ಶುರುಮಾಡಿದರು.

ಟಕ್ ಟಕ್ ಟಕ್ ಟಕ್ ಟಣ್!

ಬಿಚ್ಚಪ್ಪನವರು ಗಂಟಲು ಸರಿಮಾಡಿಕೊಂಡರು. "ಇನ್ನೇನು, ಆಗೋಯ್ತು. ಒಂದು ಚೂರು..."

ಟಕ್ ಟಕ್ ಟಕ್ ಟಕ್ ಟಣ್!

"ಒಳಗಿರೋದೇನೂ ಅಳಿಸಿಹೋಗಿರಲ್ಲ. ಎರೆಹುಳು ಹಾಗೇ ಇರತ್ತೆ, ಡಿಸ್ಕಲ್ಲಿ, ಭದ್ರವಾಗಿ."

ಟಣ್!

ಜಗಳವಾಡುವ ಹೆಂಡತಿಯನ್ನು ಎದುರಿಸಬಹುದು. ಟೈಪ್ ಮಾಡುವ ಹೆಂಡತಿಯನ್ನು ಎದುರಿಸುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಯಂತ್ರದ ಪ್ರತಿ ಏಟೂ ಅವರ ನೆತ್ತಿಯ ಮೇಲೆ ಬೀಳುತ್ತಿತ್ತು. ಅದರಲ್ಲೂ ಅವರನ್ನು ಹೆಚ್ಚು ಚುಚ್ಚಿದ್ದು ಇನ್ನೊಂದು ಸಂಗತಿ: ಆ ಮನೆಯಲ್ಲಿ ಅವರು ಒಮ್ಮೆಯೂ ಬಿಚ್ಚದ ಯಂತ್ರ ಅದೊಂದೇ, ಮತ್ತು ಅದೊಂದೇ ಸರಿಯಾಗಿ ನಡೆಯುತ್ತಿತ್ತು.

ಆಗ ಅವರು ಜೀವನದಲ್ಲಿ ಎಂದೂ ಮಾಡದ ಕೆಲಸ ಮಾಡಿದರು. ಸ್ಕ್ಯಾನರಿನ ಜೊತೆ ಬಂದಿದ್ದ ಕೈಪಿಡಿ ಕುಂಟುವ ಮೇಜಿನ ಕಾಲಿಗೆ ಒತ್ತಾಗಿ ಸೇವೆಗೆ ಸೇರಿತ್ತು. ಅದನ್ನು ಹೊರಗೆಳೆದು, ಕನ್ನಡಕ ಹಾಕಿಕೊಂಡು ಓದತೊಡಗಿದರು. ಮೊದಲನೆಯ ಸಾಲೇ ಹೀಗಿತ್ತು: ಕೆಲಸ ಆರಂಭಿಸುವ ಮುನ್ನ ಗೋಡೆಯಿಂದ ವಿದ್ಯುತ್ ತಂತಿಯನ್ನು ತೆಗೆಯಿರಿ. ಬಿಚ್ಚಪ್ಪನವರಿಗೆ ತಾವು ಇಷ್ಟು ವರ್ಷಗಳಲ್ಲಿ ತಿಂದ ಶಾಕುಗಳೆಲ್ಲ ಒಂದೊಂದಾಗಿ ನೆನಪಾದವು. ಇಂಥ ಉಪಯುಕ್ತ ಮಾತನ್ನು ಯಾರಾದರೂ ಮೊದಲೇ ಹೇಳಬಾರದಿತ್ತೇ ಎಂದುಕೊಂಡರು. ಇಷ್ಟು ವರ್ಷ ಹೇಳಿದವರು ಬೆನ್ನ ಹಿಂದೆ ಟೈಪ್ ಮಾಡುತ್ತಿದ್ದರು, ಇವತ್ತು ಹೇಳಿದವರು ಪಕ್ಕದ ಕುರ್ಚಿಯಲ್ಲಿ ಕೂತಿದ್ದರು.

ಮುಂದೆ ಓದಿದಂತೆ ಅವರಿಗೆ ಸಣ್ಣಗೆ ನಾಚಿಕೆಯಾಗತೊಡಗಿತು. ಹೊದಿಕೆಯನ್ನು ತೆಗೆಯಲು ಒಂದು ಚಿಲಕವಿತ್ತು, ಏಟು ಬೇಕಿರಲಿಲ್ಲ. ಹೊಸ ಕಾರ್ಡು ಹಾಕುವಾಗ ಪಕ್ಕದ ಕಾರ್ಡುಗಳು ಸಡಿಲವಾಗದಂತೆ ನೋಡಿಕೊಳ್ಳಬೇಕಿತ್ತು. ತಂತಿಯನ್ನು ಗೋಡೆಯಿಂದ ಕಿತ್ತು, ಬಗ್ಗಿ ನೋಡಿದರು. ಹೌದು, ಪರದೆಯ ಕಾರ್ಡು ಒಂದು ತುದಿಯಲ್ಲಿ ಮೇಲೆದ್ದು, ಮನಸ್ಸಿಲ್ಲದ ಮದುವೆಗೆ ಬಂದ ನೆಂಟನ ಹಾಗೆ ಅರ್ಧ ಕೂತು ಅರ್ಧ ನಿಂತಿತ್ತು. ಮೆಲ್ಲಗೆ ಒತ್ತಿದರು. ಗುಂಡಿ ಹಾಕಿದರು. ಒಂದೇ ಒಂದು 'ಪೀಂ'. ಪರದೆ ಬೆಳಗಿತು.

ಟೈಪ್‌ರೈಟರಿನ ಸದ್ದು ಒಂದು ಕ್ಷಣ ನಿಂತು, ಮತ್ತೆ ಮುಂದುವರಿಯಿತು.

ಪರದೆ ಬಂತು ಸರಿ, ಸ್ಕ್ಯಾನರು ಬರಲಿಲ್ಲ. ಕಂಪ್ಯೂಟರಿಗೆ ತನ್ನ ಹೊಟ್ಟೆಯಲ್ಲಿ ಹೊಸದೊಂದು ಕೂತಿದೆ ಎನ್ನುವುದೇ ಗೊತ್ತಿರಲಿಲ್ಲ. ಮತ್ತೆ ಕೈಪಿಡಿ. ಒಳಗಿನ ಪ್ರತಿಯೊಂದು ಕಾರ್ಡಿಗೂ ಒಂದು ಸಂಖ್ಯೆ ಇರುತ್ತದೆ, ಎರಡಕ್ಕೆ ಒಂದೇ ಸಂಖ್ಯೆ ಇದ್ದರೆ ಯಾವುದೂ ಕೆಲಸ ಮಾಡದು ಎಂದಿತ್ತು. ಒಂದೇ ಮನೆ ನಂಬರಿನಲ್ಲಿ ಎರಡು ಸಂಸಾರ. ಅಂಚೆಯವನು ಏನು ಮಾಡಬೇಕು? ಹೊಸ ಕಾರ್ಡಿನ ಮೇಲೆ ಅಕ್ಕಿಕಾಳಿನಷ್ಟು ಗಾತ್ರದ ಕಪ್ಪು ಟೋಪಿಯೊಂದಿತ್ತು. ಅದನ್ನು ಒಂದು ಜೋಡಿ ಮುಳ್ಳಿನಿಂದ ಕಿತ್ತು ಪಕ್ಕದ ಜೋಡಿಗೆ ಹಾಕಿದರೆ ಸಂಖ್ಯೆ ಬದಲಾಗುತ್ತದೆ. ಬಿಚ್ಚಪ್ಪನವರು ಹುಬ್ಬು ಕೀಳುವ ಚಿಮಟದಿಂದ ಅದನ್ನು ಹಿಡಿದರು. ಅದು ಚಿಮಟದಿಂದ ಹಾರಿ, ಎಲ್ಲಿಗೋ ಹೋಯಿತು.

ಅವರು ನೆಲದ ಮೇಲೆ ಮಂಡಿಯೂರಿದರು. ಮೇಜಿನ ಕೆಳಗೆ, ಕುರ್ಚಿಯ ಕೆಳಗೆ, ಚಾಪೆಯ ಅಂಚಿನಲ್ಲಿ ಕೈಯಾಡಿಸಿದರು. ಹೆಬ್ಬೆರಳು ಉರಿಯುತ್ತಿತ್ತು. ಯಾಕೋ ಆ ಕ್ಷಣದಲ್ಲಿ ಮೊದಲ ಬಾರಿಗೆ ಅವರಿಗೆ, ತಾನು ಬಿಚ್ಚಪ್ಪನೇ ಇರಬಹುದು ಅನ್ನಿಸಿತು.

ಟೈಪ್‌ರೈಟರು ನಿಂತಿತು. ಕುರ್ಚಿ ಸರಿದ ಸದ್ದಾಯಿತು. ಹೆಂಡತಿ ಬಂದು ಎದುರಿಗೆ ಮಂಡಿಯೂರಿ, ಮಬ್ಬುಗಣ್ಣಿನಿಂದಲೇ ನೆಲ ಸವರತೊಡಗಿದರು.

"ಏನು ಬಣ್ಣ?"

"ಕಪ್ಪು."

"ಎಷ್ಟು ದೊಡ್ಡದು?"

"ದೊಡ್ಡದಾಗಿದ್ರೆ ಬೀಳ್ತಿತ್ತಾ ಅದು?"

"ಬೀಳ್ತಿತ್ತು. ನಿಮ್ಮ ಕೈಯಲ್ಲಿ ಫ್ರಿಜ್ಜೂ ಬಿದ್ದಿದೆ."

ಅದು ಸಂಧಾನದ ಮೊದಲ ಮಾತು ಎಂದು ಬಿಚ್ಚಪ್ಪನವರಿಗೆ ಅರ್ಥವಾಯಿತು. ಅಷ್ಟರಲ್ಲಿ ಕುರ್ಚಿಯಿಂದ ಕಾಲು ಕೆಳಗಿಟ್ಟ ಅತ್ತೆ "ಅಯ್ಯೋ, ಏನೋ ಚುಚ್ತು" ಎಂದರು. ಟೋಪಿ ಸಿಕ್ಕಿತು. ಈ ಸಲ ಹೆಂಡತಿ ಟಾರ್ಚು ಹಿಡಿದರು, ಬಿಚ್ಚಪ್ಪನವರು ಉಸಿರಾಡದೆ ಅದನ್ನು ಮುಳ್ಳಿಗೆ ಇಳಿಸಿದರು. ಕಂಪ್ಯೂಟರು ಎದ್ದಾಗ ಪರದೆಯ ಮೂಲೆಯಲ್ಲಿ ಸ್ಕ್ಯಾನರಿನ ಗುರುತು ಮೂಡಿತ್ತು. ಸಂಭ್ರಮಿಸಲು ಹೆಂಡತಿ ಬಿಡಲಿಲ್ಲ; ಅವರನ್ನು ಪಕ್ಕಕ್ಕೆ ತಳ್ಳಿ, ಕೂತು, ಎರೆಹುಳುವನ್ನು ಟೈಪಾಗಿದ್ದ ಕೊನೆಯ ತುಣುಕಿನವರೆಗೂ ಫ್ಲಾಪಿಗಳಿಗೆ ಇಳಿಸಿಕೊಂಡು, ಫ್ಲಾಪಿಗಳನ್ನು ತಮ್ಮ ದಿಂಬಿನ ಕೆಳಗೆ ಇಟ್ಟು ಬಂದರು.

ಭಾನುವಾರ ಬೆಳಿಗ್ಗೆ ಪ್ರದರ್ಶನ. ಭಾವಮೈದನನ್ನು ವಿಶೇಷವಾಗಿ ಕರೆಸಲಾಗಿತ್ತು. ಸೋತವರು ನೋಡದಿದ್ದರೆ ಗೆದ್ದು ಏನು ಪ್ರಯೋಜನ? ಅತ್ತೆಯ ಕುರ್ಚಿ ಮುಂದೆ. ಬಿಚ್ಚಪ್ಪನವರು ಮೊದಲ ಪೆಟ್ಟಿಗೆಯಿಂದ ಒಂದು ಫಿಲ್ಮ್ ಪಟ್ಟಿ ತೆಗೆದು, ಅಂಚು ಹಿಡಿದು, ಯಂತ್ರದ ಬಾಯಿಗೆ ಇಟ್ಟರು. ಅದು 'ಕರ್ರ್' ಎಂದು ಒಳಗೆ ಎಳೆದುಕೊಂಡಿತು. ಪರದೆಯ ಮೇಲೆ ಚಿತ್ರ ಮೇಲಿಂದ ಕೆಳಕ್ಕೆ, ಗೆರೆಗೆರೆಯಾಗಿ ಇಳಿಯತೊಡಗಿತು: ಮೊದಲು ಆಕಾಶ, ಆಮೇಲೆ ಒಂದು ಮರದ ತುದಿ, ಆಮೇಲೆ ಕೂದಲು. ಕಪ್ಪು ಕೂದಲು. ದಟ್ಟವಾಗಿ, ಎರಡು ಜಡೆಯಾಗಿ, ಹೆಗಲ ಮೇಲಿಂದ ಮುಂದಕ್ಕೆ ಬಿದ್ದ ಕೂದಲು. ಅದರ ಕೆಳಗೆ, ಯಾರ ಮೇಲೋ ಸಿಟ್ಟಾಗಿ ತುಟಿ ಬಿಗಿದ ಎಳೆಯ ಹೆಂಗಸೊಬ್ಬಳ ಮುಖ.

ಅತ್ತೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ತಮ್ಮ ತಲೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡು, "ಇಷ್ಟೊಂದಿತ್ತಾ?" ಎಂದರು.

ಅಲ್ಲಿಂದ ಮುಂದೆ ಚಿತ್ರಗಳು ಒಂದರ ಹಿಂದೊಂದು ಬಂದವು. ಭಾವಮೈದನ ಹಾಲುಹಲ್ಲು, ಮಳೆಯಲ್ಲಿ ನೆನೆದ ಸೈಕಲ್ಲು, ಯಾರದೋ ಹೊಸ ಮನೆಯ ಬಾಗಿಲು. ಎಲ್ಲರೂ ದೆವ್ವದ ರೂಪ ಕಳಚಿ ಮನುಷ್ಯರಾಗುತ್ತಿದ್ದರು. ಆಮೇಲೆ ಬಂದದ್ದು ಬಿಚ್ಚಪ್ಪನವರ ಮದುವೆ. ಚಿತ್ರ ಇಳಿಯಿತು: ಹಾಲ್‌ನ ಹಿಂದಿನ ಪರದೆ, ಹೂವಿನ ತೋರಣ, ಮದುಮಗಳ ಮುಖ, ಅವಳ ಪಕ್ಕದಲ್ಲಿ ಕುರ್ಚಿ. ಕುರ್ಚಿ ಖಾಲಿ. ಚಿತ್ರದ ಬಲಗಡೆಯ ಅಂಚಿನಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಪಾಲಿಶ್ ಮಾಡಿದ ಎರಡು ಬೂಟು, ಅದರ ಮೇಲೆ ಮೊಣಕಾಲವರೆಗೆ ಪ್ಯಾಂಟು.

"ಅದ್ಯಾರು?" ಎಂದ ಭಾವಮೈದ.

"ಮದುಮಗ" ಎಂದರು ಅತ್ತೆ. "ಹಾಲ್‌ನಲ್ಲಿ ಲೈಟ್ ಹೋಯ್ತಲ್ಲ, ಫ್ಯೂಸ್ ಹಾಕೋಕೆ ಹತ್ತಿದ್ರು. ಬೂಟ್ ಚೆನ್ನಾಗಿದೆ."

ಭಾವಮೈದ ನಕ್ಕ ನಗುವಿಗೆ ಕೆಮ್ಮು ಬಂತು. ಹೆಂಡತಿ ನಕ್ಕರು, ಅತ್ತೆ ನಕ್ಕರು, ಬಿಚ್ಚಪ್ಪನವರೂ ನಕ್ಕರು. ಮುಂದಿನ ಚಿತ್ರ ಹುಟ್ಟುಹಬ್ಬದ್ದು. ಎಲ್ಲರೂ ಕೇಕಿನ ಸುತ್ತ, ಹಿಂದೆ ಗೋಡೆಯ ಹತ್ತಿರ ಬಾಗಿದ ಒಂದು ಬೆನ್ನು. ಅದರ ಮುಂದಿನದು ಪಿಕ್‌ನಿಕ್ಕು. ಎಲ್ಲರೂ ಹುಲ್ಲಿನ ಮೇಲೆ, ದೂರದಲ್ಲಿ ಬಾಡಿಗೆ ಕಾರಿನ ಬಾನೆಟ್ಟಿನೊಳಗೆ ಅರ್ಧ ಮುಳುಗಿದ ಒಂದು ಬೆನ್ನು. "ಭಾವ, ನಿಮ್ಮ ಮುಖ ಇರೋದು ಒಂದೂ ಇಲ್ವಲ್ಲ! ನಮ್ಮಪ್ಪ ಬೇಕಂತಲೇ ಬಿಟ್ಟಿದ್ದಾರೆ ಅನ್ಸತ್ತೆ" ಎಂದ ಭಾವಮೈದ, ಕಣ್ಣೊರೆಸಿಕೊಳ್ಳುತ್ತ.

ಬಿಚ್ಚಪ್ಪನವರ ನಗು ಅಲ್ಲಿಗೆ ಒಣಗಿತು. ತಮಾಷೆಗೆ ಹೇಳಿದ್ದು, ನಿಜ. ಆದರೆ ತೊಡೆಯ ಮೇಲೆ ಕ್ಯಾಮೆರಾ ಎತ್ತಿಕೊಳ್ಳುತ್ತಿದ್ದ ಮಾವನನ್ನು ಕಂಡವರು ಅವರು. ಇಡೀ ದಿನ ಬೆವರು ಸುರಿಸಿ, ಬೆರಳು ಸೀಳಿಕೊಂಡು, ಹೆಂಡತಿಯ ಮೌನವನ್ನು ಉಂಡು ಕೂರಿಸಿದ ಯಂತ್ರ ಕೊನೆಗೆ ತೋರಿಸಿದ್ದು ಇದನ್ನು. ತಾನೇ ತೋಡಿದ ಗುಂಡಿಗೆ ತಾನೇ ಮೆಟ್ಟಿಲು ಕಟ್ಟಿ ಇಳಿದ ಹಾಗಾಯಿತು. "ನೀರು ಕುಡಿದು ಬರ್ತೀನಿ" ಎಂದು ಅಡಿಗೆಮನೆಗೆ ಹೋದರು. ಬಾಯಾರಿಕೆ ಇರಲಿಲ್ಲವಾದ್ದರಿಂದ ಎರಡು ಲೋಟ ಕುಡಿದರು.

"ರೀ, ಬನ್ನಿ ಇಲ್ಲಿ" ಎಂದು ಹೆಂಡತಿ ಕೂಗಿದರು. ದನಿ ಬೇರೆಯಾಗಿತ್ತು.

ಪೆಟ್ಟಿಗೆಯ ತಳದಲ್ಲಿ ಒಂದು ದುಂಡನೆಯ ಡಬ್ಬಿ ಇತ್ತಂತೆ. ಅದರಲ್ಲಿದ್ದ ಪಟ್ಟಿಯನ್ನು ಅವರೇ ಯಂತ್ರಕ್ಕೆ ಹಾಕಿದ್ದರು. ಪರದೆಯ ಮೇಲೆ ಬಿಚ್ಚಪ್ಪನವರಿದ್ದರು. ಬೆನ್ನಲ್ಲ, ಮುಖ. ಚಿಕ್ಕ ವಯಸ್ಸಿನವರು, ಮೇಜಿನ ಮೇಲೆ ಒಂದು ಗಡಿಯಾರವನ್ನು ಹರವಿಕೊಂಡು, ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ಒತ್ತಿ, ಚಿಮಟದ ತುದಿಯನ್ನೇ ದಿಟ್ಟಿಸುತ್ತಿದ್ದರು. ಕಿಟಕಿಯ ಬೆಳಕು ಕೆನ್ನೆಯ ಮೇಲೆ ಬಿದ್ದಿತ್ತು. ಹೆಂಡತಿ ಮುಂದಿನದನ್ನು ಹಾಕಿದರು. ತೊಟ್ಟಿಯ ಕೆಳಗೆ ಮಲಗಿ ನಲ್ಲಿ ತಿರುಗಿಸುತ್ತಿರುವ ಬಿಚ್ಚಪ್ಪನವರು. ಆಮೇಲಿನದು ಬರೀ ಕೈಗಳು. ಎಣ್ಣೆಯ ಮಸಿ ಮೆತ್ತಿದ ಬೆರಳುಗಳ ಮಧ್ಯೆ ಒಂದು ಸ್ಪ್ರಿಂಗು. ಆಮೇಲಿನದು ಮುರಿದ ಆಟಿಕೆಯ ಮುಂದೆ ಕೂತು, ಸೋತು, ಕೆನ್ನೆಗೆ ಕೈಕೊಟ್ಟ ಮನುಷ್ಯ. ಪಟ್ಟಿ ಮುಗಿಯುವವರೆಗೂ ಅವರೇ. ಯಾವುದೂ ಮಸುಕಾಗಿರಲಿಲ್ಲ. ಬಾಗಿಲ ಸಂದಿಯಲ್ಲಿ, ಕಿಟಕಿಯ ಆಚೆ ನಿಂತು, ಕಾದು ಕಾದು ತೆಗೆದ ಫೋಟೋಗಳು.

"ಇದೆಲ್ಲ ಯಾವಾಗ ತೆಗೆದ್ರು?" ಎಂದರು ಬಿಚ್ಚಪ್ಪನವರು.

"ನೀವು ನೋಡದೆ ಇದ್ದಾಗ" ಎಂದರು ಅತ್ತೆ. "ಒಂದ್ಸಲ ನಾನೇ ಕೇಳಿದ್ದೆ, ಆ ಮನುಷ್ಯನ್ನ ಅಷ್ಟು ಯಾಕೆ ತೆಗೀತೀರಿ, ಫಿಲ್ಮ್ ದಂಡ ಅಂತ. ಅದಕ್ಕೆ ಹೇಳಿದ್ರು: ಈ ಮನೇಲಿ ಕ್ಯಾಮೆರಾ ಕಂಡ್ರೆ ಎಲ್ಲರೂ ಹಲ್ಲು ಬಿಡ್ತಾರೆ, ನೀನೂ ಸೇರಿ. ಅಳಿಯ ಒಬ್ಬನೇ ಕ್ಯಾಮೆರಾ ಇದೆ ಅನ್ನೋದನ್ನೇ ಮರೀತಾನೆ. ಅಂಥವನನ್ನ ತೆಗೆದ್ರೇನೇ ಫೋಟೋ, ಅಂತ."

"ಇದು ಹೊಗಳಿಕೆನಾ, ಬೈಗುಳನಾ?"

"ನಿಮ್ಮ ಮಾವ ಯಾವತ್ತು ಯಾರನ್ನ ಹೊಗಳಿದ್ರು?"

"ನನಗೆ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ನೀವೂ ಹಲ್ಲು ಬಿಡ್ತಿದ್ರಿ" ಎಂದರು ಅತ್ತೆ. "ಅದಿರಲಿ, ಕ್ಯಾಮೆರಾ ಮಾತ್ರ ನಿಮ್ಮ ಕೈಗೆ ಕೊಡಬಾರದು ಅಂತ ಸಾಯೋ ಹಿಂದಿನ ದಿನಾನೂ ಹೇಳಿದ್ರು. ಅದೂ ನೆನಪಿರಲಿ."

ಭಾವಮೈದ ಅಕ್ಕನ ಮುಖ ನೋಡಿ, ತಾನು ಕೂತಿದ್ದ ಕುರ್ಚಿಯನ್ನು ಭಾವನ ಕಡೆ ಸರಿಸಿದ. ಅವನಿಗೂ ಬುದ್ಧಿ ಒಮ್ಮೊಮ್ಮೆ ಇರುತ್ತಿತ್ತು.

ಮಧ್ಯಾಹ್ನ ಅವನು ಹೊರಟುಹೋದ ಮೇಲೆ, ಅತ್ತೆ ಒಂದು ನಿದ್ದೆಗೆ ಹೋದ ಮೇಲೆ, ಬಿಚ್ಚಪ್ಪನವರು ಮದುವೆಯ ಚಿತ್ರವನ್ನು ಮತ್ತೆ ಪರದೆಗೆ ತಂದು ನೋಡುತ್ತ ಕೂತರು. ಹೆಂಡತಿ ಪಕ್ಕದಲ್ಲಿ ಎರೆಹುಳುವಿನ ಹಾಳೆಗಳನ್ನು ಜೋಡಿಸುತ್ತಿದ್ದರು.

"ಅವತ್ತು ಕುರ್ಚಿ ಖಾಲಿ ಮಾಡಿ ಹೋದೆನಲ್ಲ. ಒಬ್ಬಳೇ ಕೂತಿದ್ದಾಗ ಏನಂದ್ಕೊಂಡೆ?"

"ಏನಂದ್ಕೊಳ್ಳೋದು? ಕತ್ತಲಲ್ಲಿ ಓಡಿಹೋದ್ರು ಅಂದ್ಕೊಂಡೆ."

"ಆಮೇಲೆ?"

"ಆಮೇಲೆ ಲೈಟ್ ಬಂತಲ್ಲ" ಎಂದರು ಹೆಂಡತಿ, ಹಾಳೆಯಿಂದ ಕಣ್ಣೆತ್ತದೆ. "ನಿಮ್ಮ ಕೈಯಲ್ಲಿ ಒಂದೇ ಸಲಕ್ಕೆ ಸರಿಯಾದದ್ದು ಅದೊಂದೇ. ಅದನ್ನ ನೋಡಿ ಮೋಸಹೋದೆ."

ಎರೆಹುಳುವಿನ ಮೊದಲ ಅಧ್ಯಾಯ ಟೈಪ್‌ರೈಟರಿನಲ್ಲೂ ಉಳಿದದ್ದು ಕಂಪ್ಯೂಟರಿನಲ್ಲೂ ಮುಗಿದು ಸಂಶೋಧಕಿಯ ಕೈ ಸೇರಿತು. ಅಕ್ಷರ ಯಾಕೆ ಎರಡು ಥರ ಇದೆ ಎಂದು ಆಕೆ ಕೇಳಲಿಲ್ಲ. ಹುಳುವಿನಾಚೆಗೆ ಆಕೆ ಏನನ್ನೂ ನೋಡಿದವರಲ್ಲ. ಕಂಪ್ಯೂಟರಿನ ಹೊದಿಕೆ ಮತ್ತೆ ಕೂರಲಿಲ್ಲ. ಏಟು ತಿಂದ ತಗಡು ಸೊಟ್ಟಗಾಗಿತ್ತು. ಯಂತ್ರ ಹೊಟ್ಟೆ ತೆರೆದುಕೊಂಡೇ ಕೆಲಸ ಮಾಡುತ್ತ ಬಂತು. ಅದನ್ನು ಸರಿಮಾಡಲು ಬಿಚ್ಚಪ್ಪನವರಿಗೆ ಅನುಮತಿ ಸಿಗಲಿಲ್ಲ. ಉಳಿದ ಪೆಟ್ಟಿಗೆಗಳನ್ನು ಅವರು ಸಂಜೆ ಸಂಜೆ ಕೂತು ಮುಗಿಸಿದರು. ಕಚೇರಿಯಿಂದ ಬಂದು ಏನನ್ನೂ ಬಿಚ್ಚದೆ ಕೂತ ಸಂಜೆಗಳು ಅವು. ನೆರೆಯವರು ಆರೋಗ್ಯ ವಿಚಾರಿಸಿಕೊಂಡು ಹೋದರು.

ಪ್ರಿಂಟ್ ಹಾಕಿಸುವ ಚಟ ಮಾತ್ರ ಕೊನೆಗೂ ಆ ಮನೆಗೆ ಹತ್ತಿತು. ಅತ್ತೆ ತಮ್ಮ ಎರಡು ಜಡೆಯ ಚಿತ್ರವನ್ನು ದೊಡ್ಡದಾಗಿ ಮಾಡಿಸಿ, ಬಂದವರಿಗೆಲ್ಲ ಕಾಣುವ ಹಾಗೆ ಬಾಗಿಲೆದುರಿಗೆ ನೇತುಹಾಕಿಸಿಕೊಂಡರು. ಗಡಿಯಾರದ ಮುಂದೆ ನಾಲಿಗೆ ಕಚ್ಚಿ ಕೂತ ತಮ್ಮ ಚಿತ್ರವೂ ಗೋಡೆಗೆ ಹೋಗುತ್ತದೆ ಎಂದು ಬಿಚ್ಚಪ್ಪನವರು ಕಾದರು. ಹೆಂಡತಿ ಅದನ್ನು ಸಣ್ಣದಾಗಿ ಹಾಕಿಸಿ ತಮ್ಮ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು. ಗೋಡೆಗೆ ಹಾಕಿದ್ದು ಮದುವೆಯದು. ಹೊಸಬರು ಬಂದು ಅದರ ಮುಂದೆ ನಿಂತು, ಖಾಲಿ ಕುರ್ಚಿ ನೋಡಿ, ಹೇಗೆ ಕೇಳುವುದೆಂದು ತೋಚದೆ, "ಇವರು... ಯಜಮಾನರು?" ಎಂದು ದನಿ ತಗ್ಗಿಸಿ ಕೇಳಿದರೆ, "ಬರ್ತಾರೆ ಕೂತ್ಕೊಳ್ಳಿ, ಒಳಗೇನೋ ಬಿಚ್ತಾ ಇದ್ದಾರೆ" ಎಂದು ಹೇಳಿ ಹೆಂಡತಿ ಚಹಾಕ್ಕೆ ನೀರಿಡಲು ಒಳಗೆ ಹೋಗುತ್ತಿದ್ದರು.